ಮಗಳಿಗೊಂದು ಪತ್ರ: ನೆಟ್ಟಗೆ ನಿಲ್ಲು ಎಂದಿದ್ದಕ್ಕೆ

ಪುಟ್ಟೀ,

ರಾತ್ರಿ ನೀನು ಬೆನ್ನಿಗೆ ತೊಡುವ ಗಟ್ಟಿ ಕವಚ, ಆ ಬ್ರೇಸ್ ಬಿಚ್ಚಿ ಮಂಚದ ಕೆಳಗೆ ತಳ್ಳಿದ್ದನ್ನು ಕಂಡೂ ಕಾಣದವನಂತೆ ಬಾಗಿಲು ಎಳೆದುಕೊಂಡು ಬಂದೆ. ಎದುರಿಗೆ ಕೂತು ಹೇಳಹೊರಟರೆ ನನ್ನ ಮಾತು ಉಪದೇಶವಾಗಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು. ವರ್ಷವಿಡೀ "ನೆಟ್ಟಗೆ ನಿಲ್ಲು" ಎಂದು ನಿನ್ನ ಬೆನ್ನು ಹತ್ತಿದ್ದೆ. ಶಾಲೆಯ ಚೀಲವನ್ನು ಬೈದೆ, ಮೊಬೈಲನ್ನೂ ಬೈದೆ. ಒಂದು ದಿನ ಬಿದ್ದ ಪೆನ್ಸಿಲ್ ಎತ್ತಲು ನೀನು ಬಗ್ಗಿದಾಗ ಬೆನ್ನಿನ ಬಲಗಡೆ ಸಣ್ಣ ದಿಬ್ಬದಂತೆ ಎದ್ದು ಕಂಡಿತು. ವೈದ್ಯರೂ ಮೊದಲು ಮಾಡಿಸಿದ್ದು ಅದನ್ನೇ: ಕೈ ಜೋಡಿಸಿ ಮುಂದಕ್ಕೆ ಬಗ್ಗು ಎಂದರು. ಸ್ಕೋಲಿಯೋಸಿಸ್‌ನಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ. ಜೊತೆಗೆ ಪಕ್ಕೆಲುಬೂ ಉಬ್ಬುತ್ತದೆ. ಚೀಲದ ಭಾರದಿಂದ ಬಂದದ್ದಲ್ಲ, ನೀನು ಕೂರುವ ರೀತಿಯಿಂದಲೂ ಅಲ್ಲ. ಕಣ್ಣು ಮಂಜಾದ ಮಗುವಿಗೆ "ಸರಿಯಾಗಿ ನೋಡು" ಎಂದು ಗದರಿದಂತಿತ್ತು ನನ್ನ ಗದರಿಕೆ.

ಇನ್ನು ಬ್ರೇಸ್. ನಿನ್ನ ಬಾಗು 31 ಡಿಗ್ರಿ. ಸಾಮಾನ್ಯವಾಗಿ 25ರ ಒಳಗಿದ್ದರೆ ಕಾದು ನೋಡುತ್ತಾರೆ, 50ರ ಹತ್ತಿರ ಹೋದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ನೀನು ಇವೆರಡರ ನಡುವೆ ಇದ್ದೀಯ, ಇನ್ನೂ ಬೆಳೆಯುತ್ತಿದ್ದೀಯ. ಬ್ರೇಸ್ ಬೆನ್ನನ್ನು ನೆಟ್ಟಗೆ ಮಾಡಿಬಿಡುವುದಿಲ್ಲ; ಇದನ್ನು ನಿನಗೆ ಮೊದಲೇ ಬಿಡಿಸಿ ಹೇಳಬೇಕಿತ್ತು. ಬೆಳವಣಿಗೆ ನಿಲ್ಲುವವರೆಗೆ ಬಾಗು ಹೆಚ್ಚದಂತೆ ತಡೆಹಿಡಿಯುವುದಷ್ಟೇ ಅದರ ಕೆಲಸ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬ್ರೇಸ್ ಪಡೆದವರಲ್ಲಿ ನೂರಕ್ಕೆ 72 ಮಂದಿ 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ಬ್ರೇಸ್ ಇಲ್ಲದೆ ಕಾದು ನೋಡಿದವರಲ್ಲಿ 48. ಅಂದರೆ ತೊಡದೆಯೂ ಕೆಲವರು ಪಾರಾದರು, ತೊಟ್ಟೂ ಕೆಲವರು ಪಾರಾಗಲಿಲ್ಲ. ನಿನ್ನಿಂದ ಏನು ಮುಚ್ಚಿಡಲಿ? ಆದರೆ ದಿನಕ್ಕೆ ಸುಮಾರು 13 ಗಂಟೆಗಿಂತ ಹೆಚ್ಚು ತೊಟ್ಟವರಲ್ಲಿ ಪಾರಾದವರು ನೂರಕ್ಕೆ 90 ದಾಟಿದರು. ಗಂಟೆಗಳಿಗಾಗಿ ನಾನು ಹಟ ಹಿಡಿಯುವುದು ಈ ಒಂದು ಅಂಕಿಯ ದೆಸೆಯಿಂದ.

ಬ್ರೇಸ್ ತೊಟ್ಟ ಗಂಟೆಗಳನ್ನು ಬರೆಯಲು ಗೋಡೆಗೆ ಅಂಟಿಸಿದ್ದ ಲೆಕ್ಕದ ಹಾಳೆಯನ್ನು ಕಿತ್ತಿದ್ದೇನೆ. ಆಟದ ಹೊತ್ತಿಗೆ ಬಿಚ್ಚಬಹುದು ಎಂದು ವೈದ್ಯರೇ ಹೇಳಿದ್ದಾರಲ್ಲ, ಆ ಗಂಟೆಗಳು ಯಾವುವೆಂದು ಇನ್ನು ನೀನೇ ಗೊತ್ತುಮಾಡಿಕೊ.

ಸೊಂಟದ ಎಡಗಡೆ ಚರ್ಮ ಕೆಂಪಾಗಿದೆ ಎಂದು ಅಮ್ಮ ಹೇಳಿದಳು. ಒಳಗಿನ ಬನಿಯನ್ನಿನ ಹೊಲಿಗೆ ಒತ್ತಿರಬಹುದು, ಅಥವಾ ನೀನು ಬೆಳೆದಂತೆ ಬ್ರೇಸ್ ಬಿಗಿಯಾಗಿರಬಹುದು. ಬೆಳಿಗ್ಗೆ ಎದ್ದಾಗಲೂ ಆ ಕಲೆ ಹಾಗೆಯೇ ಇದ್ದರೆ ಹೇಳು, ನಾಳೆಯೇ ಹೋಗಿ ಸರಿಮಾಡಿಸೋಣ.

ಅಪ್ಪ