ನಡುವೆ ಎಲ್ಲೂ ಇಳಿಯದ ವಿಮಾನ ಎಲ್ಲಿಂದ ಇದೆ? ಹುಡುಕೋದು ಹೀಗೆ

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ನೋಡಲು ದೋಹಾ, ಮಸ್ಕತ್ ಕಡೆ ಹೊರಡುವ ಹಿರಿಯರು ನಮ್ಮ ಗುಂಪಿನಲ್ಲೂ ಇದ್ದಾರೆ. ಟಿಕೆಟ್ ಅಂದ ಕೂಡಲೇ ಬೆಂಗಳೂರು ಒಂದನ್ನೇ ನೋಡಬೇಡಿ. ನಮ್ಮ ಕೊಡಗಿನ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ ಸುಮಾರು 60 ಕಿಲೋಮೀಟರ್ ಅಷ್ಟೇ.

ವಿಮಾನ ಹುಡುಕುವ ವೆಬ್‌ಸೈಟ್ ಗೂಗಲ್ ಫ್ಲೈಟ್ಸ್‌ನಲ್ಲಿ ಹೊರಡುವ ಜಾಗಕ್ಕೆ ಕಣ್ಣೂರು, ಮಂಗಳೂರು, ಬೆಂಗಳೂರು ಮೂರನ್ನೂ ಒಟ್ಟಿಗೇ ಹಾಕಬಹುದು. ಆಮೇಲೆ ‘ಸ್ಟಾಪ್ಸ್’ ಒತ್ತಿ ‘ನಾನ್‌ಸ್ಟಾಪ್ ಓನ್ಲಿ’ ಆರಿಸಿ. ಬರೀ ‘ಡೈರೆಕ್ಟ್’ ಅಂತ ಏಜೆಂಟ್ ಹೇಳಿದರೆ ಸಾಲದು, ಅದು ನಡುವೆ ಒಂದು ಕಡೆ ಇಳಿದು ಹೋಗುವ ವಿಮಾನವೂ ಆಗಿರಬಹುದು. ಒಂದು ದಿನ ಸಿಗಲಿಲ್ಲ ಅಂತ ಬಿಡಬೇಡಿ. ಕೆಲವು ವಿಮಾನ ವಾರದಲ್ಲಿ ಎರಡು ಮೂರು ದಿನ ಮಾತ್ರ ಇರುತ್ತವೆ. ಹಿಂದೆ ಮುಂದೆ ತಾರೀಕು ಹಾಕಿ ನೋಡಿ.

ನನಗೆ ಹೆಚ್ಚು ಇಷ್ಟವಾದ ದಾರಿ ಇನ್ನೊಂದಿದೆ. ಹೋಗುವ ಊರಿನ ವಿಮಾನ ನಿಲ್ದಾಣದ ವೆಬ್‌ಸೈಟಿನಲ್ಲಿ ‘ಅರೈವಲ್ಸ್’ ಪಟ್ಟಿ ತೆರೆಯಿರಿ. ಯಾವ್ಯಾವ ಊರಿಂದ ಅಲ್ಲಿಗೆ ವಿಮಾನ ಬರುತ್ತದೆ ಅನ್ನೋದು ಅಲ್ಲೇ ಕಾಣುತ್ತದೆ.

ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ವೇಳಾಪಟ್ಟಿ ಬದಲಾಗುತ್ತದೆ, ಹಳೆಯದನ್ನು ನಂಬಬೇಡಿ. ಮಳೆಗಾಲದಲ್ಲಾದರೆ ಮಾಕುಟ್ಟ ರಸ್ತೆ ತೆರೆದಿದೆಯಾ ಅಂತ ವಿಚಾರಿಸಿಯೇ ಹೊರಡಿ.