ಮೇಘಾ ಟ್ರಾಪಿಕ್ಸ್ ಉಪಗ್ರಹದ ಮಾಡೆಲ್ ರೆಡಿ ಆಯಿತು, ಕೈಜೋಡಿಸಿದ ಎಲ್ಲರಿಗೂ ಥ್ಯಾಂಕ್ಸ್

ಮಳೆಗಾಲದಲ್ಲಿ ನಮ್ಮ ಶಾಲೆಯ ಮಕ್ಕಳು ಶುರು ಮಾಡಿದ ಉಪಗ್ರಹದ ಮಾಡೆಲ್ ಕೊನೆಗೂ ಮುಗಿದು ಜಗಲಿಯಲ್ಲಿ ನಿಂತಿದೆ. ಮೊನ್ನೆ ಬಂದು ನೋಡಿದವರಿಗೂ, ಕೈಜೋಡಿಸಿದವರಿಗೂ ಮೇಷ್ಟ್ರಾಗಿ ಥ್ಯಾಂಕ್ಸ್ ಹೇಳಬೇಕು.

ಚಂದ್ರಯಾನ ಮಾಡಬಹುದಿತ್ತಲ್ಲ ಅಂತ ಕೆಲವರು ಕೇಳಿದರು. ಮಾಡಿದ್ದರೆ ಜನ ಜಾಸ್ತಿ ಸೇರುತ್ತಿದ್ದರು, ನಿಜ. ಆದರೆ ಕೊಡಗಿನವರಿಗೆ ಮಳೆಗಿಂತ ಹತ್ತಿರದ ವಿಷಯ ಯಾವುದಿದೆ? ಮೇಘಾ ಟ್ರಾಪಿಕ್ಸ್ ಹೋಗಿದ್ದೇ ಮಳೆ, ಮೋಡ ನೋಡೋಕೆ. ಭಾರತ ಮತ್ತು ಫ್ರಾನ್ಸ್ ಸೇರಿ ಮಾಡಿದ, ಸುಮಾರು 1000 ಕೆ.ಜಿ. ತೂಕದ ಈ ಉಪಗ್ರಹವನ್ನು 2011ರ ಅಕ್ಟೋಬರ್ 12ರಂದು ಪಿಎಸ್ಎಲ್‌ವಿ ರಾಕೆಟ್ ಹೊತ್ತೊಯ್ದಿತು. ಸುಮಾರು 867 ಕಿ.ಮೀ. ಎತ್ತರ. ಕಕ್ಷೆ ಸಮಭಾಜಕಕ್ಕೆ 20 ಡಿಗ್ರಿ ಮಾತ್ರ ಓರೆ. ಹಾಗಾಗಿ ಉಷ್ಣವಲಯದ ಮೇಲೇ ಸುತ್ತುತ್ತಾ, ಒಂದೇ ಜಾಗವನ್ನು ದಿನಕ್ಕೆ ಹಲವು ಸಲ ನೋಡುತ್ತಿತ್ತು. 12 ಡಿಗ್ರಿ ಅಕ್ಷಾಂಶದ ಆಸುಪಾಸಿನ ನಮ್ಮ ಬೆಟ್ಟಗಳೂ ಅದರ ದಾರಿಯಲ್ಲೇ ಇದ್ದವು.

ಅದರ ‘ಮದ್ರಾಸ್’ ಉಪಕರಣ ತಿರುಗುತ್ತಾ ಮಳೆ ಅಳೆಯುತ್ತಿತ್ತು. ಮಾಡೆಲ್‌ನಲ್ಲೂ ತಿರುಗಲೇಬೇಕು ಅಂತ ಮಕ್ಕಳ ಹಟ. ಗ್ಯಾರೇಜಿನ ಅಣ್ಣ ಜೀಪಿನ ಹಳೇ ವೈಪರ್ ಮೋಟಾರು ಬಿಚ್ಚಿ ಕೊಟ್ಟರು. ಬ್ಯಾಟರಿಯಲ್ಲಿ ಓಡುತ್ತೆ, ಕರೆಂಟು ಹೋದರೂ ಚಿಂತೆ ಇಲ್ಲ. ಆಗ ಎಂಟನೇ ಕ್ಲಾಸಿನ ಹುಡುಗಿ ಕೇಳಿದಳು: “ಸರ್, ನಿಜವಾದ ಮದ್ರಾಸ್ 2013ರ ಜನವರಿಯಲ್ಲೇ ಕೆಟ್ಟು ನಿಂತಿತ್ತಲ್ವಾ? ಸುಮ್ನೆ ತಿರುಗಿಸ್ತಾ ಇದ್ರೆ ಸುಳ್ಳಾಗಲ್ವಾ?” ಅವಳ ಮಾತಿಗೆ ಒಂದು ಸ್ವಿಚ್ ಹಾಕಿಸಿದೆವು. ನೋಡೋಕೆ ಬಂದವರಿಗೆ ಹೇಳುವ ಉಪಗ್ರಹದ ಕಥೆ 2013ಕ್ಕೆ ಬಂದಾಗ ಅವಳೇ ಆಫ್ ಮಾಡುತ್ತಾಳೆ. ಗಾಳಿಯ ತೇವ ಅಳೆಯುವ ‘ಸಾಫಿರ್’ ಮಾತ್ರ ಆಮೇಲೂ ದುಡಿಯಿತು. 3 ವರ್ಷಕ್ಕೆ ಅಂತ ಕಳಿಸಿದ ಉಪಗ್ರಹ 2021ರವರೆಗೆ ಮಾಹಿತಿ ಕೊಟ್ಟಿತು. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡ ಕುಸಿದಾಗಲೂ ಅದು ಮೇಲೇ ಇತ್ತು.

ಆ ತಿಂಗಳ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕದಲ್ಲಿ ಬರೆದಿಟ್ಟ ಡೈರಿಯನ್ನು ಮಕ್ಕಳ ಕೈಗೆ ಕೊಟ್ಟ ಸುಬೇದಾರ್ ಅಜ್ಜನಿಗೆ ದೊಡ್ಡ ನಮಸ್ಕಾರ. ಸಿಲ್ವರ್ ಓಕ್ ಹಲಗೆ ಕೊಟ್ಟ ತೋಟದವರಿಗೆ, ಮೈಗೆ ಸುತ್ತಲು ಬಂಗಾರದ ಬಣ್ಣದ ಬಟ್ಟೆ ಹೊಲಿದುಕೊಟ್ಟ ಟೈಲರ್ ಅಕ್ಕನಿಗೆ ಕೂಡ.

ನನಗೆ ಜಾಸ್ತಿ ಇಷ್ಟವಾದದ್ದು ಕೊನೆಯ ಭಾಗ. ಕೆಲಸ ಮುಗಿದಾಗ ಟ್ಯಾಂಕಿನಲ್ಲಿ ಸುಮಾರು 120 ಕೆ.ಜಿ. ಇಂಧನ ಉಳಿದಿತ್ತು. ಹಾಗೇ ಬಿಟ್ಟಿದ್ದರೆ ಇನ್ನೂ 100 ವರ್ಷಕ್ಕಿಂತ ಜಾಸ್ತಿ ಕಸವಾಗಿ ಸುತ್ತುತ್ತಿತ್ತು. ಬೇಕಾದ ಕಡೆ ಇಳಿಸಲೆಂದು ಮಾಡಿದ ಉಪಗ್ರಹವೇ ಅಲ್ಲ ಅದು. ಆದರೂ ಇಸ್ರೋದವರು 2022ರ ಆಗಸ್ಟಿನಿಂದ ಹಂತ ಹಂತವಾಗಿ ಕೆಳಗೆ ತಂದು, 2023ರ ಮಾರ್ಚ್ 7ರಂದು ಪೆಸಿಫಿಕ್ ಸಾಗರದ ಮೇಲಿನ ಗಾಳಿಯಲ್ಲಿ ಉರಿದುಹೋಗುವಂತೆ ಇಳಿಸಿ ಮುಗಿಸಿದರು. ಹೀಗೆ ಅಚ್ಚುಕಟ್ಟಾಗಿ ನಿವೃತ್ತಿ ಕೊಡೋದನ್ನೂ ಮಕ್ಕಳು ನೋಡಬೇಕು ಅನ್ನಿಸಿತು.

ನಮ್ಮ ಪೆಸಿಫಿಕ್ ಅಂದರೆ ಕಾಫಿ ಕಣದ ನೀಲಿ ಟಾರ್ಪಾಲು. ಅದನ್ನು ಕೊಟ್ಟ ಮನೆಯವರಿಗೂ ಥ್ಯಾಂಕ್ಸ್. ಕುಯ್ಲು ಶುರುವಾಗೋ ಮೊದಲು ತೊಳೆದು ವಾಪಸ್ ತಲುಪಿಸುತ್ತೇವೆ. ಮಾಡೆಲ್ ನೋಡದೇ ಇರುವವರು ಅಷ್ಟರೊಳಗೆ ಬನ್ನಿ.