ಆಸರಿಂಗೆ ಬೇಕೋ?

ನೀರ್ಚಾಲು

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಕೊಡಲಿಕ್ಕೆ ನನ್ನಿಂದ ಆಗಲಿಲ್ಲ. ನಿನ್ನ ಅಪ್ಪ, ನಮ್ಮ ಮಾಷ್ಟ್ರು, ನಿನ್ನ ಮುಖ ನೋಡಿ "ನೀವು ಯಾವ ಊರಿನವರು?" ಎಂದರಂತೆ. ನೀನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆಯಂತೆ. ಆಮೇಲೆ "ಇದು ನನ್ನ ಅಪ್ಪನೇ ಹೌದಾ ಮಾರಾಯಾ?" ಎಂದು ಕೇಳಿದೆ. ನಮ್ಮ ಅಮ್ಮನಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಎಂದು ಗೊತ್ತಾಗಿ ಇದು ಐದನೇ ವರ್ಷ. ಅದೇ ಪ್ರಶ್ನೆ ಇಟ್ಟುಕೊಂಡು ನಾನು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ. ಹಾಗಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ಇಂಥವರಿರುವ ಬೇರೆಯವರೂ ಓದಲಿ ಎಂದು ನೀನು ಒಪ್ಪಿದ್ದು ಒಳ್ಳೆಯದಾಯಿತು.

ಮೊದಲ ಸಲ ಪರೀಕ್ಷೆಗೆ ಕರಕೊಂಡು ಹೋದಾಗ ಡಾಕ್ಟರು ಮಲಯಾಳದಲ್ಲಿ ಕೇಳುತ್ತಿದ್ದರು, ನಾನು ಅದನ್ನು ಮನೆಮಾತಿಗೆ ತಿರುಗಿಸಿ ಅಮ್ಮನಿಗೆ ಹೇಳುತ್ತಿದ್ದೆ. ಇದು ಯಾವ ರಾಜ್ಯ? "ಮದ್ರಾಸು." ಯಾವ ಜಿಲ್ಲೆ? "ದಕ್ಷಿಣ ಕನ್ನಡ." ಎರಡಕ್ಕೂ ಸೊನ್ನೆ. ಡಾಕ್ಟರದ್ದು ತಪ್ಪೆಂದು ನಾನು ಹೇಳುವುದಿಲ್ಲ, ಪರೀಕ್ಷೆ ಇರುವುದೇ ಹಾಗೆ. ಆದರೆ ಲೆಕ್ಕ ಹಾಕಿ ನೋಡು. ಅಮ್ಮ ಹುಟ್ಟಿದ್ದು 1942ರಲ್ಲಿ, ಬಾಯಾರಿನ ಹತ್ತಿರ. ಅಲ್ಲಿಯವರೆಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವಾಗ ಅವಳಿಗೆ ಹದಿನಾಲ್ಕು. ಕಾಸರಗೋಡೇ ಒಂದು ಜಿಲ್ಲೆಯಾದದ್ದು 1984ರ ಮೇ 24ಕ್ಕೆ, ಆಗ ಅವಳು ಮೂರು ಮಕ್ಕಳ ತಾಯಿ. ಬಾಯಾರಿನಿಂದ ನೀರ್ಚಾಲಿಗೆ ಮದುವೆಯಾಗಿ ಬಂದದ್ದು ಬಿಟ್ಟರೆ ಅವಳು ಎಲ್ಲಿಗೂ ಹೋದವಳಲ್ಲ, ವಿಳಾಸವೇ ಬದಲಾಗುತ್ತ ಹೋದದ್ದು. ಈಗ ಅವೆಲ್ಲ ಕಳಚಿ ಬೀಳುತ್ತಿವೆ, ಕಡೆಗೆ ಬಂದದ್ದು ಮೊದಲು. ರೇಷನ್ ಕಾರ್ಡಿಗೆ, ಆಸ್ಪತ್ರೆಗೆ ಎಂದು ನಡುವಯಸ್ಸಿನಲ್ಲಿ ಕಲಿತ ಮಲಯಾಳ ಎಲ್ಲಕ್ಕಿಂತ ಮೊದಲು ಹೋಯಿತು. ತೋಟದ ಕೆಲಸದವರ ಜೊತೆಗಿನ ತುಳು ಅರೆಬರೆ ಉಳಿದಿದೆ. ಮನೆಮಾತಾದ ಹವ್ಯಕ ಕನ್ನಡ ಹಾಗೆಯೇ ಇದೆ.

ಹೊಸತು ಮೊದಲು ಅಳಿಯುತ್ತದೆ, ಹಳತು ಕಡೆಗೆ ಎಂದು ಫ್ರಾನ್ಸಿನ ಮನೋವಿಜ್ಞಾನಿ ತೆಯೊಡ್ಯೂಲ್ ರಿಬೊ 1881ರಲ್ಲೇ ಬರೆದಿದ್ದ. ಮೆದುಳಿನೊಳಗೆ, ಎರಡೂ ಕಿವಿಗಳ ನೇರಕ್ಕೆ, ಕಡಲಕುದುರೆಯ ಆಕಾರದ ಒಂದು ಭಾಗವಿದೆ, ಹಿಪ್ಪೊಕ್ಯಾಂಪಸ್. ಇವತ್ತು ನಡೆದದ್ದನ್ನು ನಾಳೆಗೆ ಕಟ್ಟಿಡುವ ಕೆಲಸ ಮುಖ್ಯವಾಗಿ ಅದರದ್ದು. ಡಿಮೆನ್ಶಿಯಾ ತರುವ ಆಲ್‌ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಹಿಡಿಯುವುದು ಆ ಜಾಗವನ್ನು ಮತ್ತು ಅದರ ಅಕ್ಕಪಕ್ಕವನ್ನು. ಮೂವತ್ತು ವರ್ಷ ನೆನೆದು ನೆನೆದು ಗಟ್ಟಿಯಾದ ಸಂಗತಿಗಳು ಅಷ್ಟು ಹೊತ್ತಿಗೆ ಮೆದುಳಿನ ಬೇರೆ ಬೇರೆ ಕಡೆ ಹರಡಿ ಊರಿರುತ್ತವೆ, ಅವು ಬೇಗ ಅಲುಗುವುದಿಲ್ಲ. ಬೆಳಗ್ಗೆ ತಿಂದ ದೋಸೆ ಮಾತ್ರ ಮಧ್ಯಾಹ್ನಕ್ಕೆ ಇಲ್ಲ.

ನನಗೆ ಬಹಳ ತಡವಾಗಿ ಗೊತ್ತಾದದ್ದೊಂದಿದೆ. ಅದನ್ನು ನಿನಗೆ ಈಗಲೇ ಹೇಳಿಬಿಡುತ್ತೇನೆ. ಮರೆವು ಬರೀ ನಿನ್ನೆಯನ್ನು ಒಯ್ಯುವುದಲ್ಲ, ನಾಳೆಯನ್ನೂ ಒಯ್ಯುತ್ತದೆ. ಅಮ್ಮ ಎಂಥ ಮುಂದಾಲೋಚನೆಯವಳು ಎಂದು ನಿನಗೆ ಗೊತ್ತಲ್ಲ. ವೈಶಾಖದಲ್ಲೇ ಮಳೆಗಾಲಕ್ಕೆ ಹಪ್ಪಳ, ಸಾಂತಾಣಿ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಎಲ್ಲ ತಯಾರು. ಅಂಥವಳು ಒಂದು ದಿನ "ನಾಳೆ ಎಂತ ಅಡಿಗೆ ಮಾಡುವ ಅಮ್ಮ?" ಎಂದು ಕೇಳಿದರೆ ಸುಮ್ಮನೆ ನನ್ನನ್ನೇ ನೋಡಿದಳು. ಹಟವೂ ಅಲ್ಲ, ಬೇಸರವೂ ಅಲ್ಲ. ಅಲ್ಲಿ ಏನೂ ಕಾಣುತ್ತಿರಲಿಲ್ಲ ಅವಳಿಗೆ. ಕೆನಡಾದಲ್ಲಿ ಎಂಡೆಲ್ ಟುಲ್ವಿಂಗ್ ಎಂಬ ಮನೋವಿಜ್ಞಾನಿ ಪರೀಕ್ಷಿಸುತ್ತಿದ್ದ ಒಬ್ಬನ ವಿಷಯ ಆಮೇಲೆ ಓದಿದೆ. 1981ರಲ್ಲಿ ಬೈಕಿನಿಂದ ಬಿದ್ದು ಮೆದುಳಿಗೆ ಏಟಾದವನು. ತನ್ನ ಬಾಳಿನ ಒಂದು ಘಟನೆಯೂ ಅವನಿಗೆ ನೆನಪಿರಲಿಲ್ಲ. ನಾಳೆ ಏನು ಮಾಡುತ್ತೀ ಎಂದರೆ ಅದೂ ಖಾಲಿ, ಎರಡೂ ಒಂದೇ ಥರದ ಖಾಲಿ ಎಂದನಂತೆ. 2007ರಲ್ಲಿ ಲಂಡನ್ನಿನ ಮೆದುಳು ಸಂಶೋಧಕರಾದ ಡೆಮಿಸ್ ಹಸಾಬಿಸ್, ಎಲೀನರ್ ಮ್ಯಾಗೈರ್ ಮತ್ತು ಸಂಗಡಿಗರು ಹಿಪ್ಪೊಕ್ಯಾಂಪಸ್ ಕೆಟ್ಟಿದ್ದ ಐವರಿಗೆ, ಒಂದು ಕಡಲ ತೀರದಲ್ಲಿ ಮಲಗಿದ್ದೀರಿ, ಏನೇನು ಕಾಣುತ್ತದೆ ಹೇಳಿ ಎಂದರು. ಹೆಚ್ಚಿನವರಿಗೆ ಅಷ್ಟಿಷ್ಟು ಚೂರುಗಳು ಸಿಕ್ಕಿದವೇ ಹೊರತು ಅವನ್ನು ಜೋಡಿಸಿ ಒಂದು ಜಾಗವಾಗಿ ನಿಲ್ಲಿಸಲಿಕ್ಕೆ ಆಗಲಿಲ್ಲ. ಕಲ್ಪನೆಗೂ ನೆನಪೇ ಸಾಮಾನು. ಉಗ್ರಾಣ ಬರಿದಾದರೆ ನಾಳೆಯ ಅಡಿಗೆ ಎಲ್ಲಿಂದ?

ಇದು ತಿಳಿದ ಮೇಲೆ ನಾನು ಅಮ್ಮನಿಗೆ "ಬರುವ ವಾರ ಡಾಕ್ಟರಲ್ಲಿಗೆ ಹೋಗಲಿಕ್ಕಿದೆ" ಎಂದು ಹೇಳುವುದನ್ನು ಬಿಟ್ಟೆ. ಹೊರಡುವ ಹೊತ್ತಿಗೆ ಸೀರೆ ತಂದುಕೊಟ್ಟು "ಹೋಗುವನಾ?" ಎಂದರೆ ಸಾಕು.

ಹಾಗೆಂದು ಕಥೆ ಕಟ್ಟುವ ಶಕ್ತಿ ಪೂರ್ತಿ ಹೋಗಿದೆಯೆಂದಲ್ಲ. ಖಾಲಿ ಬಿದ್ದಲ್ಲಿ ಮೆದುಳು ತನಗೆ ಸಿಕ್ಕಿದ್ದನ್ನು ತುಂಬುತ್ತದೆ. ಕಳೆದ ವರ್ಷ ಅಮ್ಮ ತನ್ನ ಬಳೆಗಳನ್ನು ಅಕ್ಕಿಯ ಡಬ್ಬಿಯಲ್ಲಿ ಅಡಗಿಸಿ, ಅಡಗಿಸಿದ್ದನ್ನು ಮರೆತು, ಮನೆಗೆಲಸಕ್ಕೆ ಬರುವ ಹೆಂಗಸೇ ಕದ್ದದ್ದೆಂದು ಅಂಗಳದಲ್ಲಿ ನಿಂತು ಕೂಗಿದಳು. ಕದ್ದದ್ದನ್ನು ಕಣ್ಣಾರೆ ಕಂಡೆ ಎಂದಳು. ಸುಳ್ಳು ಹೇಳುತ್ತಿರಲಿಲ್ಲ, ಅವಳಿಗೆ ಹಾಗೆಯೇ ಕಂಡಿತ್ತು. ಇಪ್ಪತ್ತು ವರ್ಷ ನಮ್ಮ ಮನೆಯ ಅನ್ನ ಬೇಯಿಸಿದ ಆ ಹೆಂಗಸು ಕಣ್ಣೊರೆಸಿಕೊಂಡು ಮರುದಿನ ಪುನಃ ಬಂದಳು. ಅವಳ ಋಣ ನಾನು ಹೇಗೆ ತೀರಿಸಲಿ? ನಿಮ್ಮಲ್ಲಿ ಕೆಲಸಕ್ಕೆ ಬರುವವರಿಗೆ ಇದನ್ನು ಮೊದಲೇ ತಿಳಿಸಿಡು.

ಸಂಜೆ ಹೊತ್ತು ಕಷ್ಟ. ನಾಲ್ಕೂವರೆ ಆಯಿತೆಂದರೆ ಅಮ್ಮ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾಳೆ. "ಮಾಣಿ ಶಾಲೆಂದ ಬೈಂದಾಯಿಲ್ಲೆ." ಹುಡುಗ ಶಾಲೆಯಿಂದ ಇನ್ನೂ ಬಂದಿಲ್ಲವಂತೆ. ಆ ಮಾಣಿ ನಾನೇ. ಮೊದಮೊದಲು "ನಾನೇ ಅಮ್ಮ, ಇಲ್ಲೇ ಇದ್ದೇನಲ್ಲ" ಎನ್ನುತ್ತಿದ್ದೆ. ತಲೆ ನರೆತ ಗಂಡಸೊಬ್ಬ ತಾನೇ ನಿನ್ನ ಮಗ ಎಂದರೆ ಅವಳಿಗೆ ಹೇಗಾಗಬೇಡ? ಹೆದರಿ ಸೆರಗು ಎಳೆದುಕೊಂಡು ಹಿಂದೆ ಸರಿಯುತ್ತಿದ್ದಳು. ಈಗ "ಬಸ್ಸು ತಡವಂತೆ, ಬರುತ್ತಾನೆ, ಅಷ್ಟರವರೆಗೆ ಕೂರುವ" ಎನ್ನುತ್ತೇನೆ. ಇಬ್ಬರೂ ಜಗಲಿಯಲ್ಲಿ ಕೂತು ನನ್ನನ್ನು ಕಾಯುತ್ತೇವೆ. ಮಾಣಿ ಲೆಕ್ಕದಲ್ಲಿ ಹಿಂದೆ, ಮಾಷ್ಟ್ರಿಗೆ ಹೆದರುತ್ತಾನೆ ಎಂದೆಲ್ಲ ಹೇಳುತ್ತಾಳೆ. ಆ ಮಾಷ್ಟ್ರು ನಿನ್ನ ಅಪ್ಪ. ನನ್ನ ಬಗ್ಗೆ ಅವಳಿಗೆ ಅಷ್ಟು ಕಳವಳವಿತ್ತೆಂದು ಐವತ್ತೆಂಟನೇ ವಯಸ್ಸಿನಲ್ಲಿ ನನಗೆ ಗೊತ್ತಾಯಿತು.

ಮಾತಿನ ನಡುವೆ ಅವಳ ಕೈ ಹತ್ತಿ ಹೊಸೆಯುತ್ತಿರುತ್ತದೆ. ಚೂರು ಹತ್ತಿಯನ್ನು ಬೆರಳಲ್ಲಿ ಎಳೆದು ಉದ್ದ ಮಾಡಿ, ಬೂದಿ ಮುಟ್ಟಿ, ಒಂದೇ ಸಲ ತಿರುವಿದರೆ ಬತ್ತಿ. ನಾನು ಮಾಡಿದರೆ ಬಿಚ್ಚಿಹೋಗುತ್ತದೆ. ಕೈಯ ಕಲಿಕೆಗೆ ಮೆದುಳಿನಲ್ಲಿ ಬೇರೆಯೇ ಜಾಗವಂತೆ, ಕಾಯಿಲೆ ಅಲ್ಲಿಗೆ ತಲುಪುವುದು ನಿಧಾನ. ಮಾಷ್ಟ್ರ ಕೈಗೆ ಒಂದು ಕೆಂಪು ಪೆನ್ನು ಕೊಟ್ಟು ನೋಡು.

ಈ ಕಾಯಿಲೆಗೆ ಯಾರ ಹೆಸರಿದೆಯೋ ಆ ಡಾಕ್ಟರು, ಆಲೋಯ್ಸ್ ಆಲ್‌ಝೈಮರ್, 1901ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಪರೀಕ್ಷಿಸಿದ ಹೆಂಗಸಿಗೆ ಐವತ್ತೊಂದು ವರ್ಷ. ಹೆಸರು ಬರೆಯಲು ಹೇಳಿದರೆ ಬರೆಯಲಾಗದೆ "ನಾನು ನನ್ನನ್ನೇ ಕಳಕೊಂಡಿದ್ದೇನೆ" ಎಂದಳಂತೆ. ಅವಳ ಮಾತನ್ನು ನಾನು ತಳ್ಳಿಹಾಕಲಾರೆ. ಒಳಗಿನಿಂದ ಹಾಗೆಯೇ ಇರಬಹುದು. ಆದರೆ ಹೊರಗಿನಿಂದ, ಹತ್ತಿರ ಕೂತು ನೋಡುವವರಿಗೆ ಬೇರೆ ಏನೋ ಕಾಣುತ್ತದೆ. 2015ರಲ್ಲಿ ನೀನಾ ಸ್ಟ್ರೋಮಿಂಗರ್, ಶಾನ್ ನಿಕಲ್ಸ್ ಎಂಬಿಬ್ಬರು ಸಂಶೋಧಕರು ರೋಗಿಗಳ ಮನೆಯವರನ್ನೇ ಕೇಳಿದ್ದರು. ನೆನಪು ಹೋದದ್ದಕ್ಕಿಂತ ಹೆಚ್ಚಾಗಿ ದಯೆ, ಪ್ರಾಮಾಣಿಕತೆಯಂಥ ಗುಣ ಬದಲಾದಾಗಲೇ "ಇವರು ಅವರಲ್ಲ" ಎಂದು ಮನೆಯವರಿಗೆ ಅನಿಸಿತ್ತು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಅಡಿಗೆಮನೆಗೆ ಹೋಗಿ ಅಮ್ಮನ ಹತ್ತಿರ ಕೂತೆ.

ನಿನ್ನೆ ಆದದ್ದನ್ನು ಹೇಳುತ್ತೇನೆ. ತೋಟದಿಂದ ಬಂದು ಜಗಲಿ ಹತ್ತಿದೆ. ಅಮ್ಮ ನನ್ನನ್ನು ಪರಕೀಯನ ಹಾಗೆ ನೋಡಿದಳು. ಎದ್ದಳು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಚೆಂಬಿನಲ್ಲಿ ಗುಡ್ಡಕ್ಕೆ ಕೊರೆದ ಸುರಂಗದ ನೀರು, ಸಣ್ಣ ಬಟ್ಟಲಲ್ಲಿ ಬೆಲ್ಲದ ತುಂಡು ತಂದಳು. ಚೆಂಬನ್ನು ಕೆಳಗಿಡುವ ಮೊದಲು ಅದರ ಅಡಿಯನ್ನು ಸೆರಗಿನ ತುದಿಯಿಂದ ಒರೆಸಿದಳು, ನನಗೆ ಬುದ್ಧಿ ತಿಳಿದಂದಿನಿಂದ ಒರೆಸಿದ ಹಾಗೆಯೇ. "ಆಸರಿಂಗೆ ಬೇಕೋ? ಬೆಶಿಲಿಂಗೆ ಬಂದಿ" ಎಂದಳು. ಬಾಯಾರಿಕೆಗೆ ಬೇಕಾ, ಬಿಸಿಲಿನಲ್ಲಿ ಬಂದಿದ್ದೀರಿ ಎಂದು.

ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಯಾರೆಂದು ನನಗೆ ಗೊತ್ತಾಯಿತು.

ರಜೆ ಸಿಕ್ಕಿದಾಗ ಮಾಷ್ಟ್ರನ್ನು ಕರಕೊಂಡು ಬಾ. ಬೆಂಗಳೂರಿನಿಂದ ರಾತ್ರಿ ಪ್ರಯಾಣ ಬೇಡ, ಗಲಿಬಿಲಿಯಾಗುತ್ತದೆ. ಹಗಲಿನ ಹೊತ್ತು ಹೊರಡಿ. ಇಬ್ಬರನ್ನೂ ಜಗಲಿಯಲ್ಲಿ ಕೂರಿಸುವ. ಅವರಿಗೆ ಒಬ್ಬರಿಗೊಬ್ಬರ ಗುರುತು ಸಿಗಲಿಕ್ಕಿಲ್ಲ. ಅಮ್ಮ ಬೆಲ್ಲ ನೀರು ತಂದೇ ತರುತ್ತಾಳೆ, ಮಾಷ್ಟ್ರು ಬೇಡ ಅನ್ನುವವರಲ್ಲ.

ನಿನ್ನವನೇ,
ನೀರ್ಚಾಲಿನ ಗೆಳೆಯ